ಐವತ್ತು ಗಜ ರೇಷ್ಮೆ, ಒಂದು ಹೆಸರು

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್, ಸಿರಿವಂತರು ಬೇಸಿಗೆ ಕಳೆಯುವ ಕಡಲತೀರದ ಊರು. 1953ರ ಸೆಪ್ಟೆಂಬರ್ 12ರಂದು ಅಲ್ಲಿನ ಸೇಂಟ್ ಮೇರಿ ಚರ್ಚ್‌ನಲ್ಲಿ ನಡೆದ ಮದುವೆಯನ್ನು ಆ ದೇಶ ಇವತ್ತಿಗೂ ಮರೆತಿಲ್ಲ. ವರ, ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ. ವಧು ಜಾಕ್ವೆಲಿನ್ ಬೂವಿಯೆ. ಆರತಕ್ಷತೆಗೆ ಬಂದವರೇ ಸುಮಾರು 1,200 ಮಂದಿ. ಪತ್ರಿಕೆಗಳು ವಧುವಿನ ಉಡುಪನ್ನು ಬಿಡಿಸಿ ಬಿಡಿಸಿ ಬಣ್ಣಿಸಿದವು. ದಂತವರ್ಣದ ರೇಷ್ಮೆ ಟಫೆಟಾ, ಹೆಗಲಂಚಿನವರೆಗೆ ತೆರೆದ ಕೊರಳು, ಸೊಂಟದಿಂದ ಕೆಳಗೆ ತುಂಬಿ ನಿಂತ ಲಂಗ, ಅಜ್ಜಿಯ ಕಾಲದ ಲೇಸಿನ ಮುಸುಕು. ಬಟ್ಟೆ ಯಾವುದು, ಬಣ್ಣ ಯಾವುದು, ಮುಸುಕು ಯಾರದು ಎಂಬುದೆಲ್ಲ ಅಚ್ಚಾಯಿತು. ಹೊಲಿದವರು ಯಾರು ಎಂಬುದು ಮಾತ್ರ ಬಹುಪಾಲು ಪತ್ರಿಕೆಗಳಲ್ಲಿ ಬರಲಿಲ್ಲ.

ಹೊಲಿದವರು ಆನ್ ಲೋ. ವಯಸ್ಸು ಐವತ್ತು ದಾಟಿದ್ದ ಕಪ್ಪುವರ್ಣೀಯ ಮಹಿಳೆ. ಗುಲಾಮಗಿರಿ ಕಂಡ ಅಜ್ಜಿಯ ಮೊಮ್ಮಗಳು. ಆ ಮದುವೆಗೆ ಮೊದಲೂ ನಂತರವೂ ರಾಕ್‌ಫೆಲರ್, ರೂಸ್‌ವೆಲ್ಟ್, ಡ್ಯುಪಾಂಟ್‌ನಂಥ ಮನೆತನಗಳ ಹೆಣ್ಣುಮಕ್ಕಳು ಅವರ ಕೈಯ ಉಡುಪು ತೊಟ್ಟಿದ್ದಾರೆ.

ಇವತ್ತು ಆನ್ ಅವರನ್ನು ನೆನೆಯುವವರು ಬಹುಪಾಲು ಆ ಒಂದು ಮದುವೆಯಿಂದಲೇ ಕಥೆ ಶುರುಮಾಡಿ, ಪತ್ರಿಕೆಗಳು ಬಿಟ್ಟುಬಿಟ್ಟ ಹೆಸರಿನ ಬಗ್ಗೆ ಮರುಗಿ ಅಲ್ಲಿಗೇ ಮುಗಿಸುತ್ತಾರೆ. ಆ ಮರುಕ ನ್ಯಾಯವಾದದ್ದೇ. ಆದರೆ ಕೈಕಸುಬಿನವರಿಗೆ ಸಲ್ಲಬೇಕಾದದ್ದು ಎರಡು: ಹೆಸರು ಮತ್ತು ಬೆಲೆ. ಆನ್ ಹೆಸರಿಗಾಗಿ ಪಟ್ಟು ಹಿಡಿದರು, ತಡವಾಗಿಯಾದರೂ ಗೆದ್ದರು. ಅವರ ಬದುಕನ್ನು ಹಣ್ಣು ಮಾಡಿದ್ದು ಎರಡನೆಯದು. ಅವರ ಕಥೆಯನ್ನು ಹೇಳುವವರು ಆ ಎರಡನೆಯ ಲೆಕ್ಕವನ್ನೂ ತೆರೆಯಬೇಕು.

ಚೂರುಬಟ್ಟೆಯ ಹೂಗಳು

ಆನ್ ಹುಟ್ಟಿದ್ದು 1898ರಲ್ಲಿ, ದಕ್ಷಿಣದ ಅಲಬಾಮ ರಾಜ್ಯದ ಕ್ಲೇಟನ್ ಎಂಬ ಸಣ್ಣ ಊರಿನಲ್ಲಿ. ಅದು ಹತ್ತಿ ಬೆಳೆಯುವ ಸೀಮೆ. ಅಜ್ಜಿ ಜಾರ್ಜಿಯಾ ಗುಲಾಮಗಿರಿಯಲ್ಲಿ ಹುಟ್ಟಿ, ತೋಟದ ಮನೆಯ ಒಡತಿಗೆ ಬಟ್ಟೆ ಹೊಲಿಯುತ್ತ ಸೂಜಿಯ ಕೆಲಸದಲ್ಲಿ ಪಳಗಿದವರು. ಸ್ವತಂತ್ರರಾಗಿದ್ದ ಕಪ್ಪು ಬಡಗಿಯೊಬ್ಬರು ಹಣ ತೆತ್ತು ಅವರನ್ನು ಬಿಡಿಸಿಕೊಂಡು ಮದುವೆಯಾದರು. ಅಜ್ಜಿಯ ಕಸುಬು ತಾಯಿ ಜೇನ್ ಅವರಿಗೆ ಬಂತು. ಗುಲಾಮಗಿರಿ ಹೋದ ಮೇಲೆ ಇಬ್ಬರೂ ಸೇರಿ ಹೊಲಿಗೆಯನ್ನೇ ವ್ಯಾಪಾರ ಮಾಡಿಕೊಂಡರು. ರಾಜಧಾನಿ ಮಾಂಟ್ಗಮರಿಯ ಮೇಲ್ವರ್ಗದ ಬಿಳಿಯ ಮನೆತನಗಳು ಅವರ ಗಿರಾಕಿಗಳಾದವು. ಮತದಾನದ ಹಕ್ಕು, ಒಳ್ಳೆಯ ಶಾಲೆ, ರೈಲಿನಲ್ಲಿ ಇಷ್ಟಬಂದ ಸೀಟು ಯಾವುದೂ ಸಿಗದ ನಾಡಿನಲ್ಲಿ ಸೂಜಿ ಅವರಿಗೆ ಒಂದು ಬಾಗಿಲು ತೆರೆದಿತ್ತು.

ಆನ್ ಐದಾರು ವರ್ಷಕ್ಕೇ ಸೂಜಿ ಹಿಡಿದಳು. ದೊಡ್ಡವರು ರೇಷ್ಮೆ ಕತ್ತರಿಸುವಾಗ ಕೆಳಗೆ ಬಿದ್ದ ಚೂರುಗಳನ್ನು ಆರಿಸಿಕೊಂಡು, ತೋಟದಲ್ಲಿ ಕಂಡ ಹೂಗಳನ್ನು ನೋಡಿ ನೋಡಿ ಬಟ್ಟೆಯಲ್ಲಿ ಮಾಡುತ್ತಿದ್ದಳು. ಮುಂದೆ ಐವತ್ತು ವರ್ಷ ಅವರ ಗುರುತಾಗಿ ನಿಂತದ್ದು ಆ ಹೂಗಳೇ. ಒಂದೊಂದೇ ಎಸಳನ್ನು ಕತ್ತರಿಸಿ, ಅಂಚು ಹೊರಳಿಸಿ, ಕೈಯಲ್ಲೇ ಹೊಲಿದು ಕೂಡಿಸಿದ ಗುಲಾಬಿ, ಕಾರ್ನೇಷನ್ ಹೂಗಳು.

1914ರಲ್ಲಿ ತಾಯಿ ತೀರಿಕೊಂಡರು. ಆಗ ಅವರ ಕೈಯಲ್ಲಿ ದೊಡ್ಡ ಕೆಲಸವೊಂದಿತ್ತು: ಅಲಬಾಮದ ಗವರ್ನರ್ ಎಮೆಟ್ ಓನೀಲ್ ಅವರ ಪತ್ನಿಗೆ ನಾಲ್ಕು ಔತಣಕೂಟದ ಉಡುಪುಗಳು. ಅರ್ಧಕ್ಕೆ ನಿಂತ ಹೊಲಿಗೆಯನ್ನು ಹದಿಹರೆಯದ ಆನ್ ಒಬ್ಬಳೇ ಮುಗಿಸಿ ಒಪ್ಪಿಸಿದಳು. ತನ್ನ ಕೈ ತಾಯಿಯ ಕೈಗೆ ಕಡಿಮೆಯಲ್ಲ ಎಂಬ ಧೈರ್ಯ ಅವಳಿಗೆ ಬಂದದ್ದು ಆಗ.

ಬೇರೆ ಕೋಣೆಯ ವಿದ್ಯಾರ್ಥಿನಿ

ಅಷ್ಟರಲ್ಲಿ ಆಕೆಗೆ ಮದುವೆಯಾಗಿತ್ತು, ಮಗನೂ ಹುಟ್ಟಿದ್ದ. ಹೆಂಡತಿ ಹೊಲಿಗೆ ಬಿಟ್ಟು ಮನೆ ನೋಡಿಕೊಂಡರೆ ಸಾಕೆಂಬುದು ಗಂಡನ ಹಟ. ಆನ್ ಕೆಲಕಾಲ ಹಾಗೆಯೇ ಇದ್ದರು, ತನ್ನ ಬಟ್ಟೆಯನ್ನು ಮಾತ್ರ ತಾನೇ ಹೊಲಿದುಕೊಳ್ಳುತ್ತ. ಒಂದು ದಿನ ಅಂಗಡಿಯೊಂದರಲ್ಲಿ ಬಿಳಿಯ ಮಹಿಳೆಯೊಬ್ಬರು ಆ ಬಟ್ಟೆಯನ್ನು ಕಂಡು ನಿಂತರು. ಅವರು ಫ್ಲಾರಿಡಾದ ಕಿತ್ತಳೆ ತೋಟದ ಒಡೆಯರೊಬ್ಬರ ಪತ್ನಿ ಜೋಸೆಫಿನ್ ಲೀ. ಇದನ್ನು ಹೊಲಿದದ್ದು ಈಕೆಯೇ ಎಂದು ತಿಳಿದೊಡನೆ, ಟ್ಯಾಂಪಾ ನಗರಕ್ಕೆ ಬಂದು ತಮ್ಮ ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿಯಬೇಕೆಂದು ಕರೆದರು. ಆನ್ ಮಗನನ್ನು ಕರೆದುಕೊಂಡು ಹೊರಟೇಬಿಟ್ಟರು. ಗಂಡನ ಜೊತೆಗಿನ ಬದುಕು ಅಲ್ಲಿಗೆ ಮುಗಿಯಿತು.

1917ರಲ್ಲಿ ಆನ್ ನ್ಯೂಯಾರ್ಕ್‌ಗೆ ಹೋಗಿ ಎಸ್.ಟಿ. ಟೇಲರ್ ವಿನ್ಯಾಸ ಶಾಲೆ ಸೇರಿದರು. ಪತ್ರದ ಮೂಲಕ ಪ್ರವೇಶ ಕೊಟ್ಟಿದ್ದ ಶಾಲೆಗೆ, ಬಂದವರು ಕಪ್ಪು ಹುಡುಗಿ ಎಂಬುದು ತಿಳಿದದ್ದು ಎದುರಿಗೆ ನಿಂತಾಗಲೇ. ಬಿಳಿಯ ವಿದ್ಯಾರ್ಥಿಗಳು ಜೊತೆಗೆ ಕೂರಲು ಒಪ್ಪಲಿಲ್ಲ. ಆನ್‌ಗೆ ಬೇರೆ ಕೋಣೆ ಕೊಟ್ಟರು. ಆಕೆ ಅಲ್ಲಿ ಒಬ್ಬಳೇ ಕೂತು ಹೊಲಿದಳು. ಸ್ವಲ್ಪ ದಿನಕ್ಕೆ ಆ ಕೋಣೆಯಿಂದ ಬಂದ ಕೆಲಸವನ್ನೇ ಶಿಕ್ಷಕರು ತರಗತಿಯಲ್ಲಿ ಮಾದರಿಯೆಂದು ತೋರಿಸತೊಡಗಿದರು. ಬೇರೆಯವರಿಗಿಂತ ಮೊದಲೇ ಆಕೆಯ ಕಲಿಕೆ ಮುಗಿಯಿತು. ಹುಡುಗಿ ದೂರವಿರಬೇಕು, ಅವಳ ಕೆಲಸ ಮಾತ್ರ ಮುಂದೆ ಬರಬೇಕು ಎಂಬ ಈ ಏರ್ಪಾಡನ್ನು ಆನ್ ಮುಂದೆ ದೊಡ್ಡ ದೊಡ್ಡ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಮತ್ತೆ ಮತ್ತೆ ಕಂಡರು.

ಟ್ಯಾಂಪಾಕ್ಕೆ ಮರಳಿ ತಮ್ಮದೇ ಅಂಗಡಿ ಇಟ್ಟರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಗಾಸ್ಪರಿಲ್ಲಾ ಎಂಬ ಕಡಲ್ಗಳ್ಳರ ಉತ್ಸವ ನಡೆಯುತ್ತದೆ. ಅದರಲ್ಲಿ ಊರಿನ ಗಣ್ಯ ಮನೆಯ ಹುಡುಗಿಯರನ್ನು ರಾಣಿ, ಸಖಿಯರೆಂದು ಆರಿಸಿ ಮೆರೆಸುತ್ತಾರೆ. ಆ ರಾಣಿಯರ ಉಡುಪಿಗೆ ಆನ್ ಹೆಸರು ಕಾಯಂ ಆಯಿತು. ಕೆಲಸ ಹೆಚ್ಚಿದಂತೆ ಹೊಲಿಯುವ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ತಾವೇ ತರಬೇತಿ ಕೊಟ್ಟರು. ಹತ್ತು ವರ್ಷದ ದುಡಿಮೆಯಲ್ಲಿ ಉಳಿಸಿದ 20,000 ಡಾಲರ್ ಹಿಡಿದು 1928ರಲ್ಲಿ ಮತ್ತೆ ನ್ಯೂಯಾರ್ಕ್ ಸೇರಿದರು.

ಬೇರೆಯವರ ಲೇಬಲ್

ಮುಂದಿನ ವರ್ಷವೇ ಷೇರುಪೇಟೆ ಕುಸಿಯಿತು. ಉಳಿತಾಯ ಕರಗಿತು. ಆನ್ ಹೆನ್ರಿ ಬೆಂಡೆಲ್, ಸೋನಿಯಾ, ಸ್ಯಾಕ್ಸ್ ಫಿಫ್ತ್ ಅವೆನ್ಯೂ ಮೊದಲಾದ ಅಂಗಡಿಗಳಿಗೆ ಕೆಲಸ ಮಾಡಿಕೊಟ್ಟರು. ವಿನ್ಯಾಸ ಆನ್ ಅವರದು, ಹೊಲಿಗೆ ಅವರದು. ಕೊರಳ ಹಿಂದಿನ ಲೇಬಲ್ ಅಂಗಡಿಯದು. 1947ರ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದ ಒಲಿವಿಯಾ ಡಿ ಹ್ಯಾವಿಲೆಂಡ್ ತೊಟ್ಟಿದ್ದ, ಹೂಗಳಿಂದ ತುಂಬಿದ ತಿಳಿನೀಲಿ ಉಡುಪು ಆನ್ ಅವರ ಕೈಯದು. ಅದರ ಮೇಲೆ ಇದ್ದದ್ದು ಸೋನಿಯಾ ರೋಸೆನ್‌ಬರ್ಗ್ ಹೆಸರು.

ಇಂಥ ಮರೆ ಆ ದೇಶದಲ್ಲಿ ಹೊಸದಲ್ಲ. ಅಧ್ಯಕ್ಷ ಲಿಂಕನ್ ಪತ್ನಿ ಮೇರಿ ಅವರ ಉಡುಪುಗಳನ್ನು ಹೊಲಿದ ಎಲಿಜಬೆತ್ ಕೆಕ್ಲಿ ಸಹ ಗುಲಾಮಗಿರಿಯಲ್ಲಿ ಹುಟ್ಟಿ, 1855ರಲ್ಲಿ 1,200 ಡಾಲರ್ ತೆತ್ತು ತನ್ನನ್ನೂ ಮಗನನ್ನೂ ಬಿಡಿಸಿಕೊಂಡವರು. ಶ್ವೇತಭವನದ ಒಳಗೆ ಓಡಾಡಿದ ಆ ದರ್ಜಿಯೂ ಬಹುಕಾಲ ಚರಿತ್ರೆಯ ಅಡಿಟಿಪ್ಪಣಿಯಲ್ಲೇ ಉಳಿದರು. ದಕ್ಷಿಣದ ದೊಡ್ಡ ಮನೆಗಳ ಅಂದವನ್ನು ಕಪ್ಪು ಹೆಂಗಸರ ಕೈ ಕಟ್ಟಿದೆ. ಆ ಕೈಯನ್ನು ಆಳಿನ ಕೈ ಎಂದೇ ಎಣಿಸಲಾಗಿದೆ.

ಆನ್ ಆಳಿನ ಕೈಯಾಗಿರಲು ಒಪ್ಪಲಿಲ್ಲ. 1950ರಲ್ಲಿ ತಮ್ಮ ಹೆಸರಿನ ಅಂಗಡಿ ತೆರೆದರು. ಸದಾ ಕಪ್ಪು ಉಡುಪು, ಕಪ್ಪು ಹ್ಯಾಟು ತೊಟ್ಟು ಗಿರಾಕಿಗಳ ಮುಂದೆ ನಿಲ್ಲುತ್ತಿದ್ದರು. ಅಮೆರಿಕದ ಗಣ್ಯ ಮನೆತನಗಳ ಹೆಸರನ್ನಷ್ಟೇ ಅಚ್ಚುಹಾಕುವ ‘ಸೋಷಿಯಲ್ ರಿಜಿಸ್ಟರ್’ ಎಂಬ ಪಟ್ಟಿ ಪುಸ್ತಕವಿದೆ. ತಾನು ಹೊಲಿಯುವುದು ಆ ಪುಸ್ತಕದಲ್ಲಿರುವ ಮನೆಗಳಿಗೆ, ಹೊಸದಾಗಿ ಮೇಲೇರುವ ಆತುರದವರಿಗಲ್ಲ ಎಂದು 1966ರಲ್ಲಿ ‘ಎಬನಿ’ ಪತ್ರಿಕೆಗೆ ಬಿಚ್ಚುಮಾತಿನಲ್ಲೇ ಹೇಳಿದರು. ಈ ಮಾತು ಇವತ್ತಿನ ಓದುಗರಿಗೆ ಕಸಿವಿಸಿ ತರಬಹುದು. ಆದರೆ ಆ ಕಾಲದಲ್ಲಿ ಗಿರಾಕಿಯನ್ನು ಆರಿಸಿಕೊಳ್ಳುವ ಅಧಿಕಾರ ಕಪ್ಪು ಹೆಣ್ಣಿಗೆ ಇದೆ ಎಂದು ಹೇಳುವುದೇ ದೊಡ್ಡ ದಿಟ್ಟತನ. ಗುಲಾಮಳ ಮೊಮ್ಮಗಳು ತೋಟದ ಮಾಲೀಕರ ವರ್ಗಕ್ಕೆ ಷರತ್ತು ಹಾಕುತ್ತಿದ್ದಳು.

ಆ ಮನೆಗಳಲ್ಲಿ ಮಗಳು ಹದಿನೆಂಟರ ಆಸುಪಾಸಿಗೆ ಬಂದಾಗ ಬಿಳಿಯ ನಿಲುವಂಗಿ ತೊಡಿಸಿ ಗಣ್ಯ ಸಮಾಜಕ್ಕೆ ಪರಿಚಯಿಸುವ ನೃತ್ಯಕೂಟ ಮಾಡುತ್ತಿದ್ದರು. ಹಾಗೆ ಹೊರಬರುವ ಹುಡುಗಿಯನ್ನು ಡೆಬ್ಯುಟಾಂಟ್ ಎನ್ನುತ್ತಾರೆ. ಆನ್ ಅವರ ವ್ಯಾಪಾರದ ಬೆನ್ನೆಲುಬು ಈ ಕೂಟಗಳೇ. ಅಮ್ಮನ ಉಡುಪು ಹೊಲಿಸಿದ ಮನೆ ಮಗಳನ್ನೂ ಕರೆತರುತ್ತಿತ್ತು. ಜಾಕ್ವೆಲಿನ್ ಅವರ ತಾಯಿ ಜಾನೆಟ್ ಆಕಿನ್‌ಕ್ಲಾಸ್ ಸಹ ಹೀಗೆ ಹಳೆಯ ಗಿರಾಕಿಯೇ.

ಹತ್ತು ದಿನ

ಕೆನಡಿ ಮದುವೆಯ ಕೆಲಸ ಬಂದಾಗ ಆನ್ ವಧುವಿನ ಉಡುಪಿನ ಜೊತೆಗೆ ಸಖಿಯರ ಉಡುಪುಗಳನ್ನೂ ಒಪ್ಪಿಕೊಂಡರು. ಒಟ್ಟು ಹದಿನೈದು. ವಧುವಿನ ಉಡುಪೊಂದಕ್ಕೇ ಐವತ್ತು ಗಜ ರೇಷ್ಮೆ ಟಫೆಟಾ. ರವಿಕೆಯ ಭಾಗಕ್ಕೆ ಒಂದರ ಮೇಲೊಂದು ಬಳಸಿ ಬಂದ ಸಣ್ಣ ಮಡಿಕೆಗಳ ಪಟ್ಟಿ. ಲಂಗದ ತುಂಬ ಅದೇ ಮಡಿಕೆಯನ್ನು ಸುತ್ತುಸುತ್ತಾಗಿ ಕೂಡಿಸಿದ ದೊಡ್ಡ ವೃತ್ತಗಳು, ನಡುನಡುವೆ ಪುಟ್ಟ ಮೇಣದ ಹೂಗಳು. ಸುಮಾರು ಎರಡು ತಿಂಗಳ ಕೆಲಸ.

ಮದುವೆಗೆ ಹತ್ತು ದಿನ ಇರುವಾಗ ಆನ್ ಅವರ ಹೊಲಿಗೆಮನೆಯಲ್ಲಿ ನೀರಿನ ಪೈಪು ಒಡೆಯಿತು. ಹದಿನೈದು ಉಡುಪುಗಳಲ್ಲಿ ಹತ್ತು ಹಾಳಾದವು, ವಧುವಿನದೂ ಸೇರಿ. ಆನ್ ವಧುವಿನ ಮನೆಗೆ ಒಂದು ಮಾತೂ ತಿಳಿಸಲಿಲ್ಲ. ಮತ್ತೆ ರೇಷ್ಮೆ ತರಿಸಿದರು, ಹೆಚ್ಚು ಜನರನ್ನು ಹಚ್ಚಿದರು, ಹಗಲೂ ರಾತ್ರಿ ಕತ್ತರಿಸಿ ಹೊಲಿದರು. ಎರಡು ತಿಂಗಳಲ್ಲಿ ಮಾಡಿದ್ದನ್ನು ಹತ್ತು ದಿನದಲ್ಲಿ ಮತ್ತೆ ಮಾಡಿ ಮುಗಿಸಿದರು. ಆ ಕೆಲಸದಲ್ಲಿ ಅವರು ಲೆಕ್ಕ ಹಾಕಿದ್ದ ಲಾಭ 700 ಡಾಲರ್. ಕೈಯಿಂದ ಹೋದದ್ದು 2,200 ಡಾಲರ್.

ಉಡುಪುಗಳನ್ನು ಹೊತ್ತು ನ್ಯೂಪೋರ್ಟ್‌ಗೆ ಆನ್ ಸ್ವತಃ ಹೋದರು. ಮನೆಯ ಬಾಗಿಲಲ್ಲಿ ತಡೆದು, ಆಳುಗಳು ಬರುವ ಹಿಂಬಾಗಿಲಿನಿಂದ ಬರಬೇಕೆಂದು ಹೇಳಿದರು. ಮುಂಬಾಗಿಲಿನಿಂದ ಬಿಡದಿದ್ದರೆ ಉಡುಪುಗಳನ್ನು ವಾಪಸು ಒಯ್ಯುತ್ತೇನೆ ಎಂದರು ಆನ್. ಮುಂಬಾಗಿಲು ತೆರೆಯಿತು.

ಹಣ ಕಳೆದುಕೊಂಡ ಸಂಗತಿಯನ್ನು ನುಂಗಿಕೊಂಡವರು ಬಾಗಿಲಿನ ವಿಷಯದಲ್ಲಿ ಒಂದಿಂಚು ಬಿಡಲಿಲ್ಲ. ಅವರ ಬದುಕಿನ ಹಿರಿಮೆಯೂ ನೋವೂ ಇಲ್ಲೇ ಒಟ್ಟಿಗೆ ಕಾಣುತ್ತವೆ. ಅದಾಗಿ ಎರಡು ವರ್ಷಕ್ಕೆ, ಆನ್ ಅವರ ತಾಯಿ ಹೊಲಿಗೆ ನಡೆಸಿದ್ದ ಅದೇ ಮಾಂಟ್ಗಮರಿಯಲ್ಲಿ, ದೊಡ್ಡ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟೇಳಲು ನಿರಾಕರಿಸಿ ಚರಿತ್ರೆಯನ್ನೇ ತಿರುಗಿಸಿದರು.

1961ರಲ್ಲಿ ಕೆನಡಿ ಅಧ್ಯಕ್ಷರಾದರು. ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಜಾಕ್ವೆಲಿನ್ ಅವರ ಬದುಕಿನ ಬಗ್ಗೆ ಬರೆಯುತ್ತ, ಮದುವೆಯ ಉಡುಪನ್ನು ಹೊಲಿದದ್ದು ಒಬ್ಬ ಕಪ್ಪು ದರ್ಜಿ ಹೆಂಗಸು, ದೊಡ್ಡ ಫ್ಯಾಷನ್ ಮನೆಯವರಲ್ಲ ಎಂಬ ಅರ್ಥದ ಮಾತನ್ನು ಅಚ್ಚು ಹಾಕಿತು. ಆನ್ ನೇರವಾಗಿ ಶ್ವೇತಭವನಕ್ಕೆ ಪತ್ರ ಬರೆದರು. ಓದಿ ಎಷ್ಟು ನೊಂದೆನೆಂದು ತಿಳಿಸಿ, ತನ್ನನ್ನು ಹೆಸರಾಂತ ನೀಗ್ರೋ ವಿನ್ಯಾಸಕಿ ಎಂದು ಕರೆಯಬೇಕಿತ್ತು ಎಂದರು. ನೀಗ್ರೋ ಎಂಬುದು ಆಗಿನ ಗೌರವದ ಮಾತು. ತನ್ನ ಬಣ್ಣವನ್ನು ಮರೆಸಿ ಎಂದು ಅವರು ಕೇಳಲಿಲ್ಲ. ಬಣ್ಣ, ಕಸುಬು, ಹೆಸರು ಮೂರನ್ನೂ ಒಟ್ಟಿಗೆ ಹೇಳಿ ಎಂದರು.

ಉಡುಪಿನ ಒಳಗೆ

ಇಷ್ಟು ಹಟ ಮಾಡಲು ಆನ್ ಅವರಿಗೆ ಆಧಾರ ಏನಿತ್ತು ಎಂಬುದು ಉಡುಪನ್ನು ಮಗುಚಿ ನೋಡಿದರೆ ತಿಳಿಯುತ್ತದೆ. ಅವರ ನಿಲುವಂಗಿ ತೊಟ್ಟ ಹುಡುಗಿಗೆ ಒಳಗೆ ಬೇರೆ ಒಳಉಡುಪಿನ ಆಸರೆ ಬೇಕಿರಲಿಲ್ಲ. ಎದೆಯನ್ನು ಹಿಡಿದು ನಿಲ್ಲಿಸುವ ಕಟ್ಟು, ಸೊಂಟವನ್ನು ಬಿಗಿಯುವ ಪಟ್ಟಿ, ಲಂಗವನ್ನು ಅಗಲಿಸುವ ಬಲೆಬಟ್ಟೆಯ ಪದರ ಎಲ್ಲವನ್ನೂ ಉಡುಪಿನೊಳಗೇ ಕೂಡಿಸಿ ಹೊಲಿಯುತ್ತಿದ್ದರು. ಭಾರವನ್ನು ಈ ಒಳಕಟ್ಟು ಹೊರುತ್ತಿತ್ತು. ಹಾಗಾಗಿ ಹೊರಗಿನ ರೇಷ್ಮೆ ಹಗುರಾಗಿ ತೇಲುತ್ತಿತ್ತು. ಯಾರ ಕಣ್ಣಿಗೂ ಬೀಳದ ಒಳಹೊಲಿಗೆಯ ಅಂಚಿಗೂ ಲೇಸು ಕೂರಿಸಿ ಕೈಯಲ್ಲಿ ಮುಗಿಸುತ್ತಿದ್ದರು. ರಾತ್ರಿಯಿಡೀ ಕುಣಿಯುವ ಹುಡುಗಿಗೆ ಎಲ್ಲಿಯೂ ಚುಚ್ಚಬಾರದು, ಜಾರಬಾರದು.

ಹೊರಮೈಯಲ್ಲಿ ಹೂ. 1960ರ ದಶಕದ ಅವರ ‘ಅಮೆರಿಕನ್ ಬ್ಯೂಟಿ’ ಉಡುಪಿನಲ್ಲಿ ರೇಷ್ಮೆಯ ಗುಲಾಬಿಗಳು ಮೈಮೇಲೆ ಬಳ್ಳಿಯಾಗಿ ಹಬ್ಬುತ್ತವೆ. ಹೂಗಳನ್ನು ಸುಮ್ಮನೆ ಅಂಟಿಸಿದಂತಿಲ್ಲ. ಉಡುಪಿನ ಗೆರೆ ಎಲ್ಲಿ ಬಾಗುತ್ತದೋ ಅಲ್ಲಿ ಬಳ್ಳಿಯೂ ಬಾಗುತ್ತದೆ. ಈ ಅಂದಕ್ಕೆ ಗಂಟೆಗಟ್ಟಲೆ ಕೈಕೆಲಸ ಬೇಕು. ಆ ಗಂಟೆಗಳಿಗೆ ಯಾರು ದುಡ್ಡು ಕೊಟ್ಟರು ಎಂಬ ಪ್ರಶ್ನೆ ಬರುವುದು ಇಲ್ಲಿಂದಲೇ.

ಮುನ್ನೂರಕ್ಕೆ ಮಾರಾಟ, ನಾನೂರೈವತ್ತು ಖರ್ಚು

ಅಂಗಡಿಯ ಲೆಕ್ಕಪತ್ರವನ್ನು ಮಗ ಆರ್ಥರ್ ನೋಡಿಕೊಳ್ಳುತ್ತಿದ್ದರು. ಅಮ್ಮನಿಗೆ ಬಟ್ಟೆ, ಮಗನಿಗೆ ಹಣ. ಹೀಗೆ ವ್ಯಾಪಾರ ನಡೆದಿತ್ತು. 1958ರಲ್ಲಿ ಆರ್ಥರ್ ಕಾರು ಅಪಘಾತದಲ್ಲಿ ತೀರಿಕೊಂಡರು. ಮಗನ ಜೊತೆಗೆ ಅಂಗಡಿಯ ಹಿಡಿತವೂ ಹೋಯಿತು.

1960ರಲ್ಲಿ ಸ್ಯಾಕ್ಸ್ ಫಿಫ್ತ್ ಅವೆನ್ಯೂ, ಡೆಬ್ಯುಟಾಂಟ್ ಉಡುಪುಗಳ ತನ್ನ ವಿಭಾಗಕ್ಕೆ ಆನ್ ಅವರನ್ನು ಕರೆದುಕೊಂಡಿತು. ಬಟ್ಟೆ, ಹೊಲಿಯುವವರ ಸಂಬಳ ಎಲ್ಲವನ್ನೂ ಆನ್ ಅವರೇ ಹೊರಬೇಕಿತ್ತು. 300 ಡಾಲರ್ ಸಿಗುತ್ತಿದ್ದ ಉಡುಪಿಗೆ ತಾನು 450 ಡಾಲರ್ ಸುರಿಯುತ್ತಿದ್ದುದು ತಡವಾಗಿ ತಿಳಿಯಿತೆಂದು ಆಮೇಲೆ ಅವರೇ ಹೇಳಿಕೊಂಡರು. ರೇಷ್ಮೆಯಲ್ಲಾಗಲೀ ಒಳಹೊಲಿಗೆಯಲ್ಲಾಗಲೀ ಒಂದೆಳೆ ಕಡಿಮೆ ಮಾಡಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಬೆಲೆ ಏರಿಸಿದರೆ ಗಿರಾಕಿ ಹೋದಾರೆಂಬ ಭಯ. ಪ್ಯಾರಿಸ್ಸಿನ ಹೆಸರಿಗೆ ಕೇಳಿದಷ್ಟು ಕೊಡುತ್ತಿದ್ದ ಮನೆಗಳು ಆನ್ ಮುಂದೆ ಚೌಕಾಸಿಗೆ ಕೂರುತ್ತಿದ್ದವು. ಅದೇ ಕೆಲಸಕ್ಕೆ ಕಪ್ಪು ವಿನ್ಯಾಸಕಿಯಲ್ಲಿ ಕಡಿಮೆ ಕೊಟ್ಟರೆ ಸಾಕೆಂಬುದು ಆ ವರ್ಗದಲ್ಲಿ ಬಾಯಿಬಿಟ್ಟು ಹೇಳದ ರೂಢಿಯಾಗಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಹಣವಿದ್ದ ಕೆಲವು ಮನೆಗಳ ಸಂಭ್ರಮವನ್ನು ಒಬ್ಬ ಹೊಲಿಗೆಯವಳು ತನ್ನ ಕೈಯಿಂದ ದುಡ್ಡು ಹಾಕಿ ನಡೆಸಿದ್ದಾಳೆ. ಈ ಲೆಕ್ಕವನ್ನು ನುಣುಪು ಮಾಡಿ ಹೇಳಲು ಬರುವುದಿಲ್ಲ.

1962 ಬಂದಾಗ ಸ್ಯಾಕ್ಸ್ ನಂಟು ಮುಗಿದಿತ್ತು. ತೆರಿಗೆ ಬಾಕಿಗೆ ಅಂಗಡಿಗೆ ಬೀಗ ಬಿತ್ತು. ಬಾಕಿ ಮೊತ್ತ 12,800 ಡಾಲರ್. ಗ್ಲಾಕೋಮಾದಿಂದ ಕೆಟ್ಟಿದ್ದ ಬಲಗಣ್ಣನ್ನು ಅದೇ ವರ್ಷ ತೆಗೆಯಬೇಕಾಯಿತು. ಆ ಹೊತ್ತಿಗೆ ಯಾರೋ ಹೆಸರು ಹೇಳದೆ ತೆರಿಗೆ ಬಾಕಿ ತೀರಿಸಿದರು. ಅದು ಜಾಕ್ವೆಲಿನ್ ಕೆನಡಿ ಅವರೇ ಎಂದು ಆನ್ ಕೊನೆಯವರೆಗೂ ನಂಬಿದ್ದರು. ಆದರೂ ಸಾಲ ಮುಗಿಯಲಿಲ್ಲ, ದಿವಾಳಿ ಅರ್ಜಿ ಹಾಕುವುದು ತಪ್ಪಲಿಲ್ಲ.

ಇದ್ದ ಇನ್ನೊಂದು ಕಣ್ಣಿಗೂ ಪೊರೆ ಬಂತು. ಶಸ್ತ್ರಚಿಕಿತ್ಸೆಯಿಂದ ಅದು ಉಳಿಯಿತು. ಆನ್ ಮತ್ತೆ ಕೆಲಸಕ್ಕೆ ಕೂತರು. ಕಣ್ಣಿಗೆ ಸರಿಯಾಗಿ ಕಾಣದಾದಾಗ ಬಟ್ಟೆಯನ್ನು ಬೆರಳಲ್ಲಿ ಸವರಿ ತಿಳಿದುಕೊಂಡರು. ಮನಸ್ಸಿನಲ್ಲಿದ್ದ ವಿನ್ಯಾಸವನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದರು. 1964ರಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಅವರನ್ನು ಗಣ್ಯ ಸಮಾಜ ಅತಿ ಜೋಪಾನವಾಗಿ ಬಚ್ಚಿಟ್ಟುಕೊಂಡ ಗುಟ್ಟು ಎಂದು ಕರೆಯಿತು. ಆ ಬಳಿಕ ಟೆಲಿವಿಷನ್‌ನಲ್ಲಿ ನಿರೂಪಕ ಮೈಕ್ ಡಗ್ಲಸ್ ಅವರೆದುರು ಕೂತಾಗ, ಕಪ್ಪು ಜನಾಂಗದವರೂ ದೊಡ್ಡ ವಸ್ತ್ರವಿನ್ಯಾಸಕರಾಗಬಲ್ಲರು ಎಂದು ಸಾಧಿಸಿ ತೋರುವುದೇ ತನ್ನ ಛಲವಾಗಿತ್ತು ಎಂದರು. ಎಪ್ಪತ್ತರ ಹೊಸ್ತಿಲಲ್ಲಿ, 1968ರಲ್ಲಿ, ಮ್ಯಾಡಿಸನ್ ಅವೆನ್ಯೂದಲ್ಲಿ ಇನ್ನೊಮ್ಮೆ ತಮ್ಮ ಹೆಸರಿನ ಅಂಗಡಿ ತೆರೆದರು. 1972ರಲ್ಲಿ ದೃಷ್ಟಿ ಪೂರ್ತಿ ಕೈಕೊಟ್ಟಾಗಲೇ ಸೂಜಿ ಕೆಳಗಿಟ್ಟದ್ದು. 1981ರ ಫೆಬ್ರುವರಿ 25ರಂದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 82.

ಬಂದ ಹೆಸರು, ಉಳಿದ ಬಾಕಿ

ಹೆಸರು ನಿಧಾನವಾಗಿ ಬಂತು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಲೋಯಿಸ್ ಅಲೆಕ್ಸಾಂಡರ್ ಲೇನ್ ಕಟ್ಟಿದ ಕಪ್ಪು ಫ್ಯಾಷನ್ ಮ್ಯೂಸಿಯಂ ಆನ್ ಅವರ ಉಡುಪುಗಳನ್ನು ಜೋಪಾನ ಮಾಡಿತು. ಆ ಸಂಗ್ರಹ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಬಳಿಯೂ ಅವರ ಕೆಲಸವಿದೆ. ಕೆನಡಿ ಮದುವೆಯ ಉಡುಪು ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿದೆ. ರೇಷ್ಮೆ ತೀರಾ ಜೀರ್ಣವಾಗಿರುವುದರಿಂದ ಹೊರಗೆ ತೆಗೆಯುವಂತಿಲ್ಲ. ಡೆಲವೇರ್ ವಿಶ್ವವಿದ್ಯಾಲಯದ ಕಟ್ಯಾ ರೋಲ್ಸ್ ಮೂಲವನ್ನು ಅಧ್ಯಯನ ಮಾಡಿ ಅಂಥದೇ ಉಡುಪನ್ನು ಹೊಸದಾಗಿ ಹೊಲಿದರು. 2023ರ ಸೆಪ್ಟೆಂಬರ್‌ನಲ್ಲಿ ವಿಂಟರ್‌ಥರ್ ಮ್ಯೂಸಿಯಂನಲ್ಲಿ ಆನ್ ಅವರ ಸುಮಾರು ನಲವತ್ತು ಉಡುಪುಗಳ ಪ್ರದರ್ಶನ ಏರ್ಪಟ್ಟಾಗ ಅದನ್ನೂ ಇಟ್ಟಿದ್ದರು. ವಿಂಟರ್‌ಥರ್ ಎಂದರೆ ಹಿಂದೆ ಡ್ಯುಪಾಂಟ್ ಮನೆತನ ಬಾಳಿದ ಬಂಗಲೆ. ಆನ್ ಯಾವ ವರ್ಗಕ್ಕೆ ಹೊಲಿದರೋ ಆ ವರ್ಗದ ಮನೆಯಲ್ಲೇ ಅವರ ಹೆಸರು ಬಾಗಿಲ ಮೇಲೆ ಬಂತು.

ಇದು ಸಂತೋಷದ ಸಂಗತಿ, ಮನಸಾರೆ ಸಂತೋಷಪಡೋಣ. ಆದರೆ ಮ್ಯೂಸಿಯಂ ಕೊಡಬಲ್ಲದ್ದು ಹೆಸರನ್ನಷ್ಟೇ. 450 ಡಾಲರ್ ಖರ್ಚಿನ ಉಡುಪಿಗೆ 300 ಕೊಟ್ಟ ಲೆಕ್ಕವನ್ನು ಅದು ಸರಿಮಾಡಲಾರದು. ಆ ಲೆಕ್ಕ ಸರಿಹೋಗಬೇಕಿದ್ದದ್ದು ಆನ್ ಬದುಕಿದ್ದಾಗ, ಅಳತೆ ಕೊಟ್ಟು ಉಡುಪು ಒಯ್ದವರಿಂದ. ಕೈಕೆಲಸವನ್ನು ಬಾಯಿತುಂಬ ಹೊಗಳಿ ಬೆಲೆ ಬಂದಾಗ ಚೌಕಾಸಿ ಮಾಡುವ ಅಭ್ಯಾಸ ಆ ದೇಶದ್ದಷ್ಟೇ ಅಲ್ಲ, ಆ ಕಾಲದ್ದಷ್ಟೇ ಅಲ್ಲ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ಮನೆಗಳು ಸೀರೆಗೆ ಕುಚ್ಚು ಕಟ್ಟಿದವರ ಬಳಿ, ರವಿಕೆಗೆ ಕೈಕಸೂತಿ ಹಾಕಿದವರ ಬಳಿ ಐವತ್ತು ನೂರಕ್ಕೆ ಜಗ್ಗಾಡುವುದು ನಮ್ಮಲ್ಲಿಯೂ ಕಾಣದ ಸಂಗತಿಯಲ್ಲ. ಆನ್ ಅವರ ಬದುಕಿನಿಂದ ಕಲಿಯುವುದಾದರೆ ಇಷ್ಟು ಕಲಿಯೋಣ: ಹೊಲಿದವರ ಹೆಸರನ್ನು ಕೇಳಿದವರಿಗೆಲ್ಲ ಹೇಳೋಣ, ಅವರು ಹೇಳಿದ ಬೆಲೆಯನ್ನು ಅವರ ಕೈಗೇ ಕೊಡೋಣ. ಎರಡನ್ನೂ ಅವರ ಕಣ್ಣು, ಕೈ ನಡೆಯುತ್ತಿರುವಾಗಲೇ ಮಾಡೋಣ.